ಮ್ಯಾರಿಯನ್ ಕಳೆದುಕೊಂಡ ಕಾಲೇಜುಗಳು

ಅಮೆರಿಕದ ಅಲಬಾಮ ರಾಜ್ಯದ ಪುಟ್ಟ ಪಟ್ಟಣ ಮ್ಯಾರಿಯನ್. ಹತ್ತಿಯ ಸೀಮೆಯ ಆ ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ ಬ್ಯಾಪ್ಟಿಸ್ಟರು 1838ರಲ್ಲಿ ಕಟ್ಟಿದ ಜಡ್ಸನ್ ಕಾಲೇಜು 2021ರಲ್ಲಿ ಬಾಗಿಲು ಹಾಕಿತು. ಸಾಲ ಬೆಳೆಯಿತು, ಓದಲು ಬರುವವರು ಕರಗಿದರು ಎಂದು ಎಲ್ಲರೂ ಕಾರಣ ಕೊಟ್ಟರು. ಲೆಕ್ಕಪತ್ರ ಸುಳ್ಳಲ್ಲ, ಆದರೆ ಅದು ಕೊನೆಯ ಕೆಲವು ವರ್ಷಗಳ ಮಾತು. ಊರಿನ ನೆನಪನ್ನು ಕೇಳಿದರೆ ನಷ್ಟ ಶುರುವಾದದ್ದು 1887ರಲ್ಲಿ. ಆ ವರ್ಷ ಗಂಡುಮಕ್ಕಳ ಹೋವರ್ಡ್ ಕಾಲೇಜು ಬರ್ಮಿಂಗ್‌ಹ್ಯಾಮಿಗೆ ಎದ್ದುಹೋಯಿತು; ಇಂದಿನ ಸ್ಯಾಮ್‌ಫರ್ಡ್ ವಿಶ್ವವಿದ್ಯಾಲಯ ಅದೇ. ಬಿಡುಗಡೆಯಾದ ಗುಲಾಮರು 1867ರಲ್ಲಿ ತಾವೇ ಕೂಡಿ ಕಟ್ಟಿದ ಲಿಂಕನ್ ಶಾಲೆಯಿಂದ ಬೆಳೆದ ವಿಶ್ವವಿದ್ಯಾಲಯವೂ ಅದೇ ವರ್ಷ ಮಾಂಟ್‌ಗೊಮರಿಯ ಪಾಲಾಯಿತು. ಓದೇ ಕಸುಬಾಗಿದ್ದ ಊರಿನ ಕಸುಬನ್ನು ನಗರಗಳು ಒಂದೊಂದಾಗಿ ಒಯ್ದವು.

ಹಳ್ಳಿಗಾಡಿನಲ್ಲಿ ಎಂಥ ಓದು ಎಂದು ಮೂಗು ಮುರಿಯುವವರು ಮೈಲೋ ಜೂಯೆಟ್‌ನನ್ನು ಮರೆಯಬಾರದು. ಜಡ್ಸನ್ನಿನ ಮೊದಲ ಮುಖ್ಯಸ್ಥ ಆತ. 1855ರವರೆಗೆ ಅಲ್ಲಿದ್ದು, ಹೆಣ್ಣುಮಕ್ಕಳಿಗೆ ಕಲಿಸುವುದರಲ್ಲಿ ಪಳಗಿ, ಆಮೇಲೆ ನ್ಯೂಯಾರ್ಕ್ ಸೀಮೆಗೆ ಹೋದ. ಅಲ್ಲಿ ಬಿಯರ್ ವ್ಯಾಪಾರದಲ್ಲಿ ಹಣ ಮಾಡಿದ್ದ ಮ್ಯಾಥ್ಯೂ ವಾಸರ್‌ನ ಮನವೊಲಿಸಿ, ಆ ಸಂಪತ್ತು ಮಹಿಳಾ ಕಾಲೇಜಿಗೆ ಸಲ್ಲುವಂತೆ ಮಾಡಿದ. ಹೆಸರಾಂತ ವಾಸರ್ ಕಾಲೇಜಿನ ಮೊದಲ ಅಧ್ಯಕ್ಷನೂ ಅವನೇ.

ಗುಲಾಮರ ಬೆವರಿನಿಂದ ಎದ್ದ ಕಾಲೇಜಿಗೆ ಕಣ್ಣೀರೇಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದು, ಅದನ್ನು ಮುಚ್ಚಿಟ್ಟು ಹಂಬಲಿಸುವುದು ಸಲ್ಲದು. 1854ರಲ್ಲಿ ಹೋವರ್ಡ್ ಕಾಲೇಜಿಗೆ ಬೆಂಕಿ ಬಿದ್ದಾಗ ಮಲಗಿದ್ದ ಹುಡುಗರನ್ನು ಎಬ್ಬಿಸಿ ತಾನು ಸತ್ತವನು ಹ್ಯಾರಿ, ಕಾಲೇಜಿನ ಮುಖ್ಯಸ್ಥನ ಗುಲಾಮ. ಊರು ಅವನಿಗೆ ಕಲ್ಲು ನೆಟ್ಟಿತು, ಬದುಕಿದ್ದಾಗ ಬಿಡುಗಡೆ ಕೊಡಲಿಲ್ಲ. ಆದರೆ ಜಡ್ಸನ್ ಮುಚ್ಚಿದ್ದರಿಂದ ಹ್ಯಾರಿಯ ಋಣವೇನೂ ತೀರಲಿಲ್ಲ. ಕಷ್ಟವಾದದ್ದು ಇಂದಿನ ಮ್ಯಾರಿಯನ್‌ಗೆ, ಅಲ್ಲಿ ಹೆಚ್ಚಿನವರು ಕಪ್ಪು ಜನರೇ.

ಇಷ್ಟು ಚಿಕ್ಕ ಊರು ಕಾಲೇಜನ್ನು ಸಾಕಲಾರದು ಎಂಬ ವಾದವೂ ನಿಲ್ಲುವುದಿಲ್ಲ. ಹೋವರ್ಡ್ ತೆರವು ಮಾಡಿದ ಜಾಗದಲ್ಲಿ ಹುಟ್ಟಿದ ಮಿಲಿಟರಿ ಕಾಲೇಜು 2006ರಲ್ಲಿ ರಾಜ್ಯದ ಆಸರೆ ಪಡೆದು ಇಂದಿಗೂ ನಡೆಯುತ್ತಿದೆ. ಚರ್ಚಿನ ಕಾಲೇಜಿಗೆ ಸರ್ಕಾರ ಹೇಗೆ ಕೈಹಾಕೀತು ಎನ್ನಬಹುದು. ಹಾಗಾದರೆ ಹೊಣೆ ಚರ್ಚಿನದೇ. ಬರ್ಮಿಂಗ್‌ಹ್ಯಾಮಿನಲ್ಲಿ ಸ್ಯಾಮ್‌ಫರ್ಡನ್ನು ಅಷ್ಟು ದೊಡ್ಡದಾಗಿ ಬೆಳೆಸಿದ ಬ್ಯಾಪ್ಟಿಸ್ಟರು, ತವರಿನಲ್ಲೇ ಉಳಿದಿದ್ದ ಅದರ ಅಕ್ಕನನ್ನು ಉಳಿಸಿಕೊಳ್ಳಲಿಲ್ಲ.