ಡಾಡ್ಜ್ ಗಾಡಿಯ ರೋಗನಿದಾನ

ಮನೆಯಲ್ಲಿ ಹಳೆಯ ಮೋಟಾರು ಗಾಡಿಯನ್ನಿಟ್ಟುಕೊಂಡವನಿಗೆ ಬಂಧುಮಿತ್ರರ ಉಪದೇಶಕ್ಕೆ ಬರಗಾಲವಿಲ್ಲ. ಮಾರಿಬಿಡಿರೆನ್ನುವರು ಕೆಲವರು, ಗುಜರಿಗೆ ಹಾಕಿರೆನ್ನುವರು ಮತ್ತೆ ಕೆಲವರು, ಇಂಜಿನ್ನನ್ನು ಕಿತ್ತೆಸೆದು ಡೀಸಲ್ ಇಂಜಿನ್ನನ್ನು ಕೂಡಿಸಿರೆಂದು ಹೇಳುವವರು ತಮ್ಮನ್ನು ಎಲ್ಲರಿಗಿಂತ ಜಾಣರೆಂದು ಭಾವಿಸಿರುವರು. ನಾವು ಇವೆಲ್ಲವನ್ನೂ ಮೂವತ್ತೈದು ವರ್ಷ ಕೇಳಿದೆವು. ಕೇಳಿ, ಗಾಡಿಯ ಮೇಲೆ ಗೋಣಿತಟ್ಟನ್ನು ಹೊದಿಸಿ ಸುಮ್ಮನಿದ್ದೆವು.

ಆ ಗಾಡಿ 1953ರ ಡಾಡ್ಜ್ ಕಿಂಗ್ಸ್‌ವೇ. ನಮ್ಮ ತೀರ್ಥರೂಪರು ಕೊಳ್ಳೇಗಾಲದಲ್ಲಿ ರೇಷ್ಮೆ ಜವಳಿಯ ವ್ಯಾಪಾರ ಮಾಡುತ್ತಿದ್ದವರು. ಮೈಸೂರಿನ ಗೃಹಸ್ಥರೊಬ್ಬರು ಎಂಟು ವರ್ಷ ಉಪಯೋಗಿಸಿದ್ದ ಈ ಗಾಡಿಯನ್ನು 1961ರಲ್ಲಿ ಕೊಂಡು ತಂದರು. ಮರುವರ್ಷ ಅವರ ವಿವಾಹವಾಯಿತು. ನಮ್ಮ ತಾಯಿಯವರು ಯಳಂದೂರಿನ ತೌರುಮನೆಯಿಂದ ಕೊಳ್ಳೇಗಾಲಕ್ಕೆ ಮದುವಣಗಿತ್ತಿಯಾಗಿ ಬಂದದ್ದು ಇದರ ಹಿಂದಿನ ಆಸನದಲ್ಲಿಯೇ. ಆ ವಾರದಲ್ಲಿಯೇ ದಂಪತಿಗಳಿಬ್ಬರೂ ಇದರಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬಂದರಂತೆ. 1988ರಲ್ಲಿ ತೀರ್ಥರೂಪರು ಸ್ವರ್ಗಸ್ಥರಾದ ಮೇಲೆ ಗಾಡಿ ಕೊಟ್ಟಿಗೆ ಸೇರಿತು.

ಅಮೆರಿಕದ ಗಾಡಿ ಕೊಳ್ಳೇಗಾಲಕ್ಕೆ ಹೇಗೆ ಬಂತೆಂದು ಇಂದಿನ ಹುಡುಗರು ಕೇಳುವುದುಂಟು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಪರದೇಶಗಳನ್ನು ಸುತ್ತಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ನಮ್ಮಲ್ಲಿಯೂ ಅಂತಹುದೊಂದು ಆಗಬೇಕೆಂದು ಬಹಳ ಶ್ರಮಪಟ್ಟರು. ಮೈಸೂರು ಸೀಮೆಗೆ ಆ ಭಾಗ್ಯ ಒದಗಲಿಲ್ಲ. ವಾಲಚಂದ ಹೀರಾಚಂದರ ಪ್ರೀಮಿಯರ್ ಕಂಪನಿಯವರು ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, 1947ರಿಂದ ಮುಂಬಯಿಯ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊ ಗಾಡಿಗಳನ್ನು ಜೋಡಿಸತೊಡಗಿದರು. ನಮ್ಮದು ಆ ಮನೆತನದ್ದು.

ಈ ಮನೆತನಕ್ಕೆ ಕೆಲವು ವಿಶೇಷಾಚಾರಗಳುಂಟು. ಅವನ್ನರಿಯದೆ ಕೈಹಾಕಿದವನು ಕೆಡುವನು. ಎಡಪಕ್ಕದ ಚಕ್ರಗಳ ಬೋಲ್ಟುಗಳು ಲೋಕರೂಢಿಗೆ ವಿರುದ್ಧವಾಗಿ ಬಲಕ್ಕೆ ತಿರುಗಿಸಿದರೆ ಬಿಚ್ಚುವುವು. ಕೈಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಗೇರುಪೆಟ್ಟಿಗೆಯ ಹಿಂದೆ ತಿರುಗುವ ಉದ್ದನೆಯ ದಂಡವನ್ನು ಹಿಡಿಯುವುದು. ಬ್ಯಾಟರಿ ಆರು ವೋಲ್ಟಿನದು. ಅದರ ಧನಾಗ್ರವನ್ನು ಗಾಡಿಯ ಮೈಗೆ ಕಟ್ಟಬೇಕು. ಇಂದಿನ ಗಾಡಿಗಳಲ್ಲಿಯಾದರೋ ಹನ್ನೆರಡು ವೋಲ್ಟು, ಮೈಗೆ ಕಟ್ಟುವುದು ಋಣಾಗ್ರ. 2023ರಲ್ಲಿ ಹನೂರಿನ ಶಾಲೆಯ ಸಂಸ್ಕೃತ ಪಂಡಿತನ ಕೆಲಸದಿಂದ ನಿವೃತ್ತರಾಗಿ ನಾವು ಗೋಣಿತಟ್ಟನ್ನು ತೆಗೆದಾಗ, ಮೊದಲು ಬಂದ ಯುವಕನು ಎಡಚಕ್ರದ ಬೋಲ್ಟಿಗೆ ಉದ್ದನೆಯ ಕೊಳವೆಯನ್ನು ಸಿಕ್ಕಿಸಿ, ಸರ್ವಶಕ್ತಿಯಿಂದ ಎಡಕ್ಕೆ ಒತ್ತಿ ಎರಡು ಬೋಲ್ಟುಗಳನ್ನು ಮುರಿದನು. ಬಳಿಕ ಹೊಸ ಬ್ಯಾಟರಿಯನ್ನು ಕಟ್ಟಿದನು. ದೀಪಗಳೆಲ್ಲ ಒಮ್ಮೆ ಪ್ರಜ್ವಲಿಸಿ ಆರಿದುವು. ಅವನನ್ನು ದೂರಿ ಫಲವೇನು? ಅವನ ತಂದೆ ಹುಟ್ಟುವುದಕ್ಕೂ ಮುಂಚಿನ ಗಾಡಿ.

ಆಗ ತಾಯಿಯವರು, "ಸಾಬರನ್ನು ಕರೆಸಬಾರದೇನಪ್ಪ?" ಎಂದರು. ಸಾಹೇಬರು ನಮ್ಮೂರಿನ ಹಳೆಯ ಮಿಸ್ತ್ರಿಗಳು. ಎಪ್ಪತ್ತು ದಾಟಿದವರು. ತೀರ್ಥರೂಪರು ಗಾಡಿಯನ್ನು ಬಿಡುತ್ತಿದ್ದ ಷೆಡ್ಡಿನಲ್ಲಿ ಹತ್ತು ವರ್ಷದ ಬಾಲಕರಾಗಿ ಸ್ಪಾನರು ಎತ್ತಿಕೊಡುತ್ತಿದ್ದವರು. ಬಂದು, ಬಾನೆಟ್ಟನ್ನು ಎತ್ತಿ, ಬಹಳ ಹೊತ್ತು ಮಾತನಾಡದೆ ನಿಂತು, "ಇನ್ನೂ ಇದೆಯಲ್ಲ!" ಎಂದರು.

ಅಲ್ಲಿಂದ ಸಾಮಾನಿನ ಬೇಟೆ. ತಲೆಯ ಗ್ಯಾಸ್ಕೆಟ್ಟಿಗಾಗಿ ಚೆನ್ನೈನ ಪುದುಪೇಟೆಗೆ ಹೋದೆವು. ಅಂಗಡಿಯವನು ಡಿಸೋಟೊ ಗಾಡಿಯದನ್ನು ತೋರಿಸಿ, ಎಲ್ಲವೂ ಒಂದೇ ಕಂಪನಿ, ಒಂದೇ ಇಂಜಿನ್ನು ಎಂದನು. ನಮಗೂ ಯುಕ್ತವೆಂದು ತೋರಿತು. ತಂದು ಇಟ್ಟು ನೋಡಿದರೆ ಎರಡಂಗುಲ ಉದ್ದ! ಈ ಕಂಪನಿಯವರು ನೋಡಲು ಅವಳಿಗಳಂತಿರುವ ಎರಡು ಇಂಜಿನ್ನುಗಳನ್ನು ಮಾಡುತ್ತಿದ್ದರೆಂದೂ, ಒಂದರ ತಲೆ 23 ಅಂಗುಲ, ಮತ್ತೊಂದರದು 25 ಅಂಗುಲವೆಂದೂ, ಅಳತೆಯ ಪಟ್ಟಿಯಿಲ್ಲದೆ ಅಂಗಡಿಗೆ ಹೋಗಬಾರದೆಂದೂ ಆಗ ತಿಳಿಯಿತು. ಸರಿಯಾದದ್ದು ದೊರೆತದ್ದು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ, ಹಳೆಯ ಲಾರಿಗಳ ಸಾಮಾನಿನ ರಾಶಿಯ ತಳದಲ್ಲಿ, ಮೇಣದ ಕಾಗದವನ್ನು ಬಿಚ್ಚದ ಸ್ಥಿತಿಯಲ್ಲಿ. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆವು.

ನೀರಿನ ಪಂಪಿನ ದಂಡ ಸವೆದಿದ್ದಿತು. ಅದಕ್ಕೆ ಸಾಹೇಬರು ಕೊಯಮತ್ತೂರಿಗೆ ಹೋಗಬೇಕೆಂದರು. ಕೊಳ್ಳೇಗಾಲವು 1956ರ ನವೆಂಬರಿನವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ನೆರೆಯ ಯಳಂದೂರು ಮೈಸೂರಿಗೆ. ನಮ್ಮ ಹಿರಿಯರು ಕಾಗದಪತ್ರಗಳಿಗಾಗಿ ಅಲೆದ ಊರಿಗೆ ನಾವು ಕಬ್ಬಿಣದ ತುಂಡೊಂದನ್ನು ಹಿಡಿದು ದಿಂಬಂ ಘಟ್ಟವಿಳಿದು ಹೋದೆವು. ಪಂಪುಗಳನ್ನು ಮಾಡುವುದರಲ್ಲಿ ಆ ಊರು ಪ್ರಸಿದ್ಧವಷ್ಟೆ. ಲೇತಿನವನು ಅದನ್ನು ತಿರುವಿ ನೋಡಿ, ಮಧ್ಯಾಹ್ನದೊಳಗೆ ಹೊಸದನ್ನು ಕಡೆದುಕೊಟ್ಟನು. ಪೆಟ್ರೋಲು ಪಂಪಿನ ರಬ್ಬರು ಪೊರೆಯ ವಿಚಾರವೇ ಬೇರೆ. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುವರಾಗಿ ಹಳೆಯ ರಬ್ಬರು ಅದರಲ್ಲಿ ಊದಿ ಕೊಳೆಯುವುದು. ಎರಡು ಪೊರೆ ಹೋದುವು. ಮೂರನೆಯದನ್ನು ಎಥನಾಲ್ ತಾಳುವ ಹೊಸ ಬಗೆಯ ಹಾಳೆಯಿಂದ ಕತ್ತರಿಸಿದರು.

ಇಷ್ಟಾದ ಮೇಲೆ ಗಾಡಿ ಹೊರಟಿತು. ಆದರೆ ಹತ್ತು ಮೈಲಿಯೊಳಗೆ ನೀರು ಕುದಿಯುವುದು. ರೇಡಿಯೇಟರಿನ ಒಳಭಾಗವನ್ನು ಹೊಸದಾಗಿ ಕಟ್ಟಿಸಿದೆವು, ಆಗಲೂ ಕುದಿಯಿತು. ಸಾಹೇಬರು ಒಂದು ದಿನ ಇಂಜಿನ್ನನ್ನು ಓಡಿಸಿಟ್ಟು, ಬೆರಳನ್ನು ನೀರಿನಲ್ಲದ್ದಿ ಇಂಜಿನ್ನಿನ ತಲೆಯ ಮೇಲೆ ಅಲ್ಲಲ್ಲಿ ಹನಿಸುತ್ತ ನೋಡಿದರು. ಬಳಿಕ, "ಮೇಷ್ಟ್ರೇ, ಕಾಯಿಲೆ ಹೊಟ್ಟೆಯೊಳಗಿದೆ. ಮುಂದಿನದೆಲ್ಲ ಬಿಚ್ಚಬೇಕು. ವಾರ ಹಿಡಿಯುತ್ತೆ" ಎಂದರು.

ಅದುವರೆಗೆ ಪಿಂಚಣಿಯ ಹಣ ಬಹಳ ಹೋಗಿದ್ದಿತು. ಮೇಲಾಗಿ ನಾವು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕಶಾಸ್ತ್ರವನ್ನು ಓದಿದವರು. ರೇಡಿಯೇಟರಿನ ಮುಚ್ಚಳವನ್ನು ತೆಗೆದು ನೋಡಿದರೆ ನೀರು ಸುತ್ತುತ್ತಿರುವುದು ಪ್ರತ್ಯಕ್ಷ. ನೀರು ಸುತ್ತುವುದಾದರೆ ಇಂಜಿನ್ನಿಗೆಲ್ಲ ತಂಪು ತಲಪುವುದು ಸಿದ್ಧ. ಆದುದರಿಂದ ಹೊಟ್ಟೆಯನ್ನು ಸೀಳಬೇಕಾದುದಿಲ್ಲವೆಂದು ವಾದಿಸಿದೆವು. ಸಾಹೇಬರು ತಲೆದೂಗಲೂ ಇಲ್ಲ, ಪ್ರತಿ ಹೇಳಲೂ ಇಲ್ಲ.

2024ರ ಮಾಘಮಾಸದಲ್ಲಿ ಹನೂರಿಗೆ ಹೊರಟೆವು. ಮೂವತ್ತು ವರ್ಷ ಪಾಠ ಹೇಳಿದ ಊರಿಗೆ ಸ್ವಂತ ಗಾಡಿಯಲ್ಲಿ ಹೋಗುವ ಚಾಪಲ್ಯ. ಬಸ್ ನಿಲ್ದಾಣದ ಎದುರಿಗೆ ಬಾನೆಟ್ಟಿನಿಂದ ಹಬೆ ಹೊರಟು ಗಾಡಿ ನಿಂತಿತು. ಜನ ಸೇರಿದರು. ಸೇರಿದವರಲ್ಲಿ ಮುಕ್ಕಾಲು ಪಾಲು ನಮ್ಮ ಶಿಷ್ಯರೇ! ನೀರು ತಂದುಕೊಟ್ಟವರೂ ಅವರೇ, ನಕ್ಕವರೂ ಅವರೇ. ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಊರಿಗೆ ಬಂದು, ಮುಖವನ್ನೂ ತೊಳೆಯದೆ ಸಾಹೇಬರ ಷೆಡ್ಡಿಗೆ ಹೋದೆವು. ಅಲ್ಲಿ ಅವರ ಮೊಮ್ಮಗನೂ ಗಿರಾಕಿಗಳಿಬ್ಬರೂ ಇದ್ದರು. ಅವರೆಲ್ಲರೆದುರಿಗೆ, ಕೆಲಸ ತಿಳಿಯದೆ ದುಡ್ಡು ತಿಂದಿರೆಂದು ಆಡಿದೆವು. ಈ ವಾಕ್ಯವನ್ನು ಬರೆಯುವುದಕ್ಕೆ ನಮಗೆ ಇಂದಿಗೂ ಕೈ ಹಿಂಜರಿಯುವುದು. ಸಾಹೇಬರು ಕೈಗಳನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಂಡು, ಒಳಗೆ ಹೋಗಿ, ಮುಂಗಡದಲ್ಲಿ ಉಳಿದಿದ್ದ 1,400 ರೂಪಾಯಿಗಳನ್ನು ತಂದು ಬೆಂಚಿನ ಮೇಲಿಟ್ಟರು. "ಗಾಡಿ ನಿಮ್ಮದು, ಮೇಷ್ಟ್ರೇ" ಎಂದರು, ಬೇರೇನೂ ಅನ್ನಲಿಲ್ಲ.

ಮುಂದಿನ ಒಂದು ವರ್ಷದ ಕಥೆಯನ್ನು ಬೇಗ ಹೇಳಿ ಮುಗಿಸುವೆವು. ದೊಡ್ಡ ಊರಿನ ದೊಡ್ಡ ಕಾರ್ಖಾನೆಯೊಂದಕ್ಕೆ ಗಾಡಿಯನ್ನು ಸಾಗಿಸಿದೆವು. ಥರ್ಮೋಸ್ಟಾಟು ಬದಲಾಯಿತು, ಫ್ಯಾನಿನ ಪಟ್ಟಿ ಬದಲಾಯಿತು, ಕಡೆಗೆ ಡೀಸಲ್ ಇಂಜಿನ್ನಿನ ಉಪದೇಶವೂ ಆಯಿತು. ಗಾಡಿ ಕುದಿಯುತ್ತಲೇ ಮನೆಗೆ ಬಂದಿತು. ಈ ನಡುವೆ ತಾಯಿಯವರಿಗೆ ಎಂಬತ್ತೆರಡು ತುಂಬಿ, ಮಂಡಿನೋವು ಹೆಚ್ಚಿ, ಗೋಡೆ ಹಿಡಿದು ನಡೆಯುವಂತಾಯಿತು. ಇನ್ನೊಮ್ಮೆ ಆ ಗಾಡಿಯಲ್ಲಿ ಬೆಟ್ಟಕ್ಕೆ ಹೋಗಬೇಕೆಂಬುದು ಅವರ ಆಸೆ. ಬಾಯಿಬಿಟ್ಟು ಹೇಳುವ ಸ್ವಭಾವದವರಲ್ಲ. "ಸಾಬರು ಈಚೆಗೆ ಬರೋದೇ ಇಲ್ಲವಲ್ಲ" ಎಂದು ಮಾತ್ರ ಎರಡು ಮೂರು ಸಲ ಕೇಳಿದರು. ನಾವು ಪತ್ರಿಕೆಯಿಂದ ಮುಖವೆತ್ತಲಿಲ್ಲ.

ಒಂದು ದಿನ ಬೆಳಿಗ್ಗೆ ಸಂಧ್ಯಾವಂದನೆಯನ್ನು ಮುಗಿಸಿ ಉದ್ಧರಣೆಯನ್ನು ಕೈಯಲ್ಲಿ ಹಿಡಿದಿದ್ದಾಗ ಸಾಹೇಬರ ನೀರಿನ ಹನಿಗಳು ನೆನಪಾದುವು. ಪಂಚಪಾತ್ರೆಯ ಸಮೇತ ಕೊಟ್ಟಿಗೆಗೆ ಹೋಗಿ, ಇಂಜಿನ್ನನ್ನು ಕಾಲು ಗಂಟೆ ಓಡಿಸಿ, ಉದ್ಧರಣೆಯಿಂದ ಒಂದೊಂದೇ ಹನಿಯನ್ನು ಬಿಟ್ಟೆವು. ಮುಂದಿನ ಸಿಲಿಂಡರಿನ ಮೇಲೆ ಬಿದ್ದ ಹನಿ ಮೆಲ್ಲನೆ ಹರಿದು ಒಣಗಿತು. ಎರಡನೆಯದರ ಮೇಲೆಯೂ ಹಾಗೆಯೇ. ನಾಲ್ಕನೆಯದರ ಮೇಲೆ ಬಿದ್ದದ್ದು ಕೊಂಚ ಕುಣಿಯಿತು. ಆರನೆಯದರ ಮೇಲೆ ಬಿದ್ದ ಹನಿ ಚುರ್ರೆಂದು ಕಣ್ಣೆದುರಿಗೇ ಮಾಯವಾಯಿತು. ಒಂದೇ ಇಂಜಿನ್ನು, ಒಂದೇ ನೀರು. ಮುಂಭಾಗ ತಂಪು, ಹಿಂಭಾಗ ಬೆಂಕಿ. ನೀರು ಸುತ್ತುತ್ತಿದ್ದದ್ದು ನಿಜ. ಆದರೆ ಮುಂಭಾಗದಲ್ಲಿಯೇ ಸುತ್ತಿ ಹಿಂದಿರುಗುತ್ತಿದ್ದಿತು. ನಮ್ಮ ಹೇತುವು ಸವ್ಯಭಿಚಾರ ಹೇತು. ಹೇತ್ವಾಭಾಸಗಳಲ್ಲಿ ಮೊದಲು ಪಾಠ ಹೇಳುವುದೇ ಅದನ್ನು.

ಆ ಸಂಜೆ ಸಾಹೇಬರ ಮನೆಗೆ ಹೋದೆವು. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆವು. ಅವರು ಜಗುಲಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದರು; ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ವಾರವಾಗಿದ್ದಿತಂತೆ. ನಾವು, "ಸಾಹೇಬರೇ, ಅಂದು ನಾವು ಆಡಿದ ಮಾತು..." ಎಂದು ಆರಂಭಿಸಿದೊಡನೆಯೇ ಅವರು, "ಹನಿ ಹಾಕಿ ನೋಡಿದಿರಾ?" ಎಂದು ಕೇಳಿದರು. ಹೌದೆಂದೆವು. "ಹಿಂದಿನ ಎರಡೋ ಮೂರೋ?" ಎಂದರು. ಜೋಡಿಸಿಕೊಂಡಿದ್ದ ಮಾತುಗಳು ಹಾಗೆಯೇ ಉಳಿದುವು. ಅವರ ಸೊಸೆ ಚಹ ತಂದಿತ್ತಳು.

ಈ ಇಂಜಿನ್ನುಗಳ ಗರ್ಭದಲ್ಲಿ ಪಂಪಿನ ಹಿಂದಿನಿಂದ ಕೊನೆಯ ಸಿಲಿಂಡರಿನವರೆಗೆ ತಗಡಿನ ಉದ್ದನೆಯ ನಾಳವೊಂದಿರುವುದು. ಅದರಲ್ಲಿ ಅಲ್ಲಲ್ಲಿ ಕಂಡಿಗಳುಂಟು. ಹೊಗೆ ಹೊರಡುವ ವಾಲ್ವುಗಳ ಸುತ್ತ ಶಾಖ ಅಧಿಕವಾದುದರಿಂದ, ತಣ್ಣೀರನ್ನು ಮೊದಲು ಆ ಸ್ಥಾನಗಳಿಗೆ ಹಂಚುವುದು ಈ ನಾಳದ ಕೆಲಸ. ತಗಡು ತುಕ್ಕು ಹಿಡಿದು ಮುರಿದರೆ ಹಿಂದಿನವಕ್ಕೆ ನೀರಿಲ್ಲ. ಹೊರಗಿನಿಂದ ನೋಡಿದವನಿಗೆ ಇಂತಹುದೊಂದಿದೆಯೆಂಬುದೇ ತಿಳಿಯದು.

ಸಾಹೇಬರು ಕೊಟ್ಟಿಗೆಯಲ್ಲಿ ಮಣೆಯ ಮೇಲೆ ಕುಳಿತು ಹೇಳಿದರು, ಮೊಮ್ಮಗನು ಬಿಚ್ಚಿದನು. ರೇಡಿಯೇಟರು ಹೊರಬಂದಿತು, ಪಂಪು ಹೊರಬಂದಿತು. ಕೊನೆಯನ್ನು ಬಾಗಿಸಿದ ಕಂಬಿಯಿಂದ ನಾಳವನ್ನು ಎಳೆದರು. ಒಂದು ಗೇಣು ಬಂದು ಮುರಿಯಿತು. ಮತ್ತೆ ಎಳೆದರು. ಮೂರು ದಿನಗಳಲ್ಲಿ ಒಂಬತ್ತು ತುಂಡುಗಳೂ, ಎರಡು ಬೊಗಸೆ ಕೆಂಪು ಕೆಸರೂ ಬಂದುವು. ಸಾಹೇಬರು ತುಂಡುಗಳನ್ನು ಸಾಲಾಗಿಡಿಸಿ, ಕಣ್ಣು ಮಬ್ಬಾದುದರಿಂದ ಬೆರಳಿನಿಂದ ಸವರಿ, ಕಂಡಿಗಳ ಅಂತರವನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿಸಿದರು. ಹೊಸ ನಾಳವು ಅಮೆರಿಕದಲ್ಲಿ ಇಂದಿಗೂ ದೊರೆಯುವುದು. ಆದರೆ ಬೆಲೆಗಿಂತ ಸಾಗಣೆ ಸುಂಕಗಳೇ ಹೆಚ್ಚಾಗುವಂತೆ ಕಂಡಿತು. ಹಂಡೆ ಕೊಳಗಗಳಿಗೆ ಬೆಸುಗೆ ಹಾಕುವ ನಮ್ಮೂರಿನ ಕಂಚುಗಾರರು ಹಿತ್ತಾಳೆಯ ತಗಡನ್ನು ಮಡಿಸಿ, ಕಂಡಿಗಳನ್ನು ಕೊರೆದು, ಅಂತಹುದೇ ನಾಳವನ್ನು ಎರಡು ದಿನಗಳಲ್ಲಿ ಮಾಡಿಕೊಟ್ಟರು. ಇದು ತುಕ್ಕು ಹಿಡಿಯುವ ಜಾತಿಯದಲ್ಲ.

ಎಲ್ಲವನ್ನೂ ಕೂಡಿಸಿ ಇಂಜಿನ್ನನ್ನು ಓಡಿಸಿದ ದಿನ, ಸಾಹೇಬರು ನಮ್ಮ ಕೈಗೇ ಉದ್ಧರಣೆಯನ್ನು ಕೊಟ್ಟರು. ಆರನೆಯ ಸಿಲಿಂಡರಿನ ಮೇಲೆ ಬಿದ್ದ ಹನಿ ಮೆಲ್ಲನೆ ಹರಿಯಿತು. ಮೊಮ್ಮಗನೂ ಕಂಚುಗಾರರೂ ಕೊಟ್ಟಿಗೆಯಲ್ಲಿದ್ದರು. ಅವರಿದ್ದಾಗಲೇ, ಅಂದು ಷೆಡ್ಡಿನಲ್ಲಿ ಆಡಿದ ಮಾತು ತಪ್ಪೆಂದೂ, ದುಡ್ಡು ತಿಂದವರು ಯಾರೂ ಅಲ್ಲವೆಂದೂ ಹೇಳಿದೆವು. ಸಾಹೇಬರು, "ಫ್ಯಾನಿನ ಪಟ್ಟಿ ಇನ್ನೊಂದಿಷ್ಟು ಬಿಗಿಯಾಗಬೇಕು" ಎಂದು ಮೊಮ್ಮಗನಿಗೆ ಹೇಳಿದರು.

ಕಾರ್ತಿಕದಲ್ಲಿ ಬೆಟ್ಟಕ್ಕೆ ಹೊರಟೆವು. ತಾಯಿಯವರು ಹಿಂದಿನ ಆಸನದಲ್ಲಿ, ನಮ್ಮ ಮನೆಯವರು ಅವರ ಪಕ್ಕದಲ್ಲಿ. ಮುಂದೆ ನಮ್ಮ ಜೊತೆಗೆ ಸಾಹೇಬರು, ಕಾಲ ಬಳಿ ನೀರಿನ ಬಿಂದಿಗೆ, ತೊಡೆಯ ಮೇಲೆ ಒದ್ದೆ ಬಟ್ಟೆ. ಯಳಂದೂರಿನಲ್ಲಿ ತಾಯಿಯವರ ತೌರುಮನೆ ಈಗ ಪರರ ಪಾಲಾಗಿರುವುದು. ಅದರ ಮುಂದೆ ಗಾಡಿಯನ್ನು ನಿಲ್ಲಿಸಿದೆವು, ಅವರು ಇಳಿಯಲಿಲ್ಲ, ಬಾಗಿಲನ್ನು ನೋಡಿ, "ನಡಿಯಪ್ಪ" ಎಂದರು. ಗುಂಬಳ್ಳಿಯ ಅರಣ್ಯದ ತನಿಖಾ ಕಟ್ಟೆಯನ್ನು ದಾಟಿದ ಮೇಲೆ ಏರು. ಆ ಕಾಡು 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾದುದರಿಂದ ನಡುದಾರಿಯಲ್ಲಿ ಗಾಡಿ ಕೆಟ್ಟರೆ ಇಳಿದು ಓಡಾಡುವಂತಿಲ್ಲ, ಸಂಜೆಯೊಳಗೆ ಕೆಳಗಿಳಿಯಲೇಬೇಕು. ನಮ್ಮ ದೃಷ್ಟಿಯೆಲ್ಲ ಶಾಖದ ಮುಳ್ಳಿನ ಮೇಲೆ. ಮುಳ್ಳು ಮಧ್ಯದಿಂದ ಸ್ವಲ್ಪ ಮೇಲೆ ಹೋಗಿ ಅಲ್ಲಿಯೇ ನಿಂತಿತು. ಒಂದು ತಿರುವಿನಲ್ಲಿ ಮಾತ್ರ ಇಂಜಿನ್ನು ಎರಡು ಮೂರು ಸಲ ಉಗ್ಗಿತು. ಸಾಹೇಬರು ಇಳಿದು ಪೆಟ್ರೋಲು ಪಂಪಿನ ಮೇಲೆ ಒದ್ದೆ ಬಟ್ಟೆಯನ್ನು ಸುತ್ತಿದರು. ಬಿಸಿಲಿಗೆ ಪಂಪಿನೊಳಗೆ ಪೆಟ್ರೋಲು ಆವಿಯಾದರೆ ಹೀಗಾಗುವುದು. ಐದು ನಿಮಿಷಗಳಲ್ಲಿ ಮತ್ತೆ ಹೊರಟೆವು.

ತಾಯಿಯವರನ್ನು ದೇವಸ್ಥಾನಕ್ಕೆ ಎತ್ತಿಕೊಂಡೇ ಹೋಗಬೇಕಾಯಿತು. ಹಿಂದಿರುಗಿದಾಗ ಸಾಹೇಬರು ಗಾಡಿಯ ನೆರಳಿನಲ್ಲಿ ಕುಳಿತಿದ್ದರು. ತಾಯಿಯವರು ಪ್ರಸಾದದ ದೊನ್ನೆಯನ್ನು ಅವರಿಗೆ ಕೊಟ್ಟು, "ಸಾಬರೇ, ಆಗ ಇಷ್ಟು ಸದ್ದು ಮಾಡುತ್ತಿರಲಿಲ್ಲ ಇದು" ಎಂದರು. ಸಾಹೇಬರು, "ಆಗ ನಮ್ಮ ಕಿವಿ ಚಿಕ್ಕದಿತ್ತು, ಅಮ್ಮಾವ್ರೇ" ಎಂದು ನಕ್ಕರು. ಬೆಳಕಿರುವಾಗಲೇ ಇಳಿದು ಮನೆ ಸೇರಿದೆವು.

ಇನ್ನು ಉಳಿದಿರುವುದು ಪೆಟ್ರೋಲು ಎಷ್ಟಿದೆಯೆಂದು ತೋರಿಸುವ ಮಾಪಕ. ಅದು ಆ ಯುವಕನ ಹನ್ನೆರಡು ವೋಲ್ಟಿಗೆ ಆಹುತಿಯಾಯಿತು. ಸದ್ಯಕ್ಕೆ ಬಿದಿರು ಕಡ್ಡಿಯನ್ನು ಟ್ಯಾಂಕಿನೊಳಗೆ ಇಳಿಬಿಟ್ಟು ಅಳೆಯುತ್ತಿರುವೆವು. ವಾಚಕರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಡಾಡ್ಜ್ ಅಥವಾ ಪ್ಲಿಮತ್ ಗಾಡಿಯ ಆರು ವೋಲ್ಟಿನ ಮಾಪಕವಿದ್ದಲ್ಲಿ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯುವ ಕೃಪೆಮಾಡಬೇಕು. ಸುಟ್ಟುಹೋಗಿರುವುದಾದರೂ ಚಿಂತೆಯಿಲ್ಲ, ಬಿಚ್ಚಿ ನೋಡುವುದಾಗಿ ಸಾಹೇಬರು ಹೇಳಿರುವರು.