ಖಲೀಫರ ಬೀಗತನ, ಕನ್ನಡಿಗರ ಬಿಡುಗಡೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹಿರಿಯರು ‘ನಿಜಾಮರ ಕಾಲ’ವೆಂದು ನೆನೆಯುವ ದಿನಗಳಿಗೂ ದೂರದ ತುರ್ಕಿಯ ರಾಜಕಾರಣಕ್ಕೂ ನಂಟಿದ್ದಿತೆಂಬುದು ಹಲವರಿಗೆ ತಿಳಿಯದು. ತುರ್ಕಿಯ ಜನ 1922ರಲ್ಲಿ ಸುಲ್ತಾನರ ಆಳ್ವಿಕೆಯನ್ನು ಕೊನೆಗಾಣಿಸಿ, 1923ರಲ್ಲಿ ಗಣರಾಜ್ಯವನ್ನು ಸ್ಥಾಪಿಸಿ, 1924ರಲ್ಲಿ ಖಲೀಫ ಪದವಿಯನ್ನೇ ರದ್ದುಪಡಿಸಿದರು. ದೇಶಭ್ರಷ್ಟರಾದ ಕೊನೆಯ ಖಲೀಫರಿಗೆ ಮಾಸಾಶನವಿತ್ತವರು ಹೈದರಾಬಾದಿನ ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರು. 1931ರಲ್ಲಿ ಖಲೀಫರ ಮಗಳು ದುರ್ರುಶೆಹ್ವಾರ್ ನಿಜಾಮರ ಹಿರಿಯ ಸೊಸೆಯಾದರು.

ಬೀಗತನ ಬೆಳೆಯಿತು, ತುರ್ಕಿಯ ಪಾಠ ಮಾತ್ರ ತಲೆಗೇರಲಿಲ್ಲ. ಸಂಸ್ಥಾನದ ಬಹುಪಾಲು ಪ್ರಜೆಗಳ ನುಡಿ ತೆಲುಗು, ಮರಾಠಿ, ಕನ್ನಡ; ಕಚೇರಿಯ ನುಡಿ, ಉನ್ನತ ಶಿಕ್ಷಣದ ನುಡಿ ಉರ್ದು. ಕನ್ನಡದ ಕೂಸು ಹುಟ್ಟಿದ ನೆಲದಲ್ಲಿಯೇ ಪರಕೀಯವಾಯಿತು. 1947ರಲ್ಲಿ ಭಾರತವು ಸ್ವತಂತ್ರವಾದಾಗಲೂ ನಿಜಾಮರು ಪ್ರತ್ಯೇಕವಾಗಿ ಉಳಿಯಬಯಸಿದರು. ರಜಾಕಾರರ ಹಾವಳಿ ಮಿತಿಮೀರಿತು. ಅಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಮುಂಡರಗಿ ಶಿಬಿರದ ತರುಣರು ಹೋರಾಡಿದರು. ಕೊನೆಗೆ ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಲು, 1948ರ ಸೆಪ್ಟೆಂಬರ್ 17ರಂದು ನಿಜಾಮರು ಮಣಿದರು.

ಇದನ್ನು ಮತಕಲಹವೆಂದು ಬಗೆಯುವುದು ಇತಿಹಾಸಕ್ಕೆ ಬಗೆಯುವ ದ್ರೋಹ. ವಿಲೀನದ ಪರವಾಗಿ ಬರೆದು 1948ರ ಆಗಸ್ಟಿನಲ್ಲಿ ಕೊಲೆಗೀಡಾದ ಪತ್ರಕರ್ತ ಶೋಯೆಬುಲ್ಲಾ ಖಾನರು ಮುಸಲ್ಮಾನರೇ. ಸೇನಾ ಕಾರ್ಯಾಚರಣೆಯ ತರುವಾಯ ಸಂಸ್ಥಾನದಲ್ಲಿ ನಿರಪರಾಧಿಗಳಾದ ಮುಸಲ್ಮಾನರೂ ಪ್ರಾಣ ತೆತ್ತರೆಂಬುದನ್ನು ಮರೆಯಲಾಗದು. ಮತವೊಂದೇ ರಾಷ್ಟ್ರವನ್ನು ಕಟ್ಟಲಾರದೆಂಬುದಕ್ಕೆ, ಬಂಗಾಳಿಗಳ ನುಡಿಯನ್ನೂ ಮತದಾನದ ತೀರ್ಪನ್ನೂ ತುಳಿದು 1971ರಲ್ಲಿ ಒಡೆದ ಪಾಕಿಸ್ತಾನವೇ ಸಾಕ್ಷಿ.

1956ರ ನವೆಂಬರ್ 1ರಂದು ಈ ನಾಲ್ಕು ತಾಲೂಕುಗಳು ಕನ್ನಡನಾಡನ್ನು ಸೇರಿದವು. ಅಂದು ದಕ್ಕಿದುದು ತಾಯ್ನುಡಿಯಲ್ಲಿ ಕಲಿಯುವ ಹಕ್ಕು. ನೆರೆಮನೆಯ ನುಡಿಯನ್ನೂ ನಂಬುಗೆಯನ್ನೂ ಗೌರವಿಸುವ ಮಕ್ಕಳನ್ನು ಬೆಳೆಸಿದಾಗಲೇ ಆ ಹಕ್ಕು ಸಾರ್ಥಕ.