ಉಸ್ತಾದ್, ಪಂಡಿತ್, ಬಾಯಿ

ನಮ್ಮ ರಾಯಾಪುರ ಹುಬ್ಬಳ್ಳಿಗೂ ಪೂರ್ತಿ ಸೇರದ, ಧಾರವಾಡಕ್ಕೂ ಪೂರ್ತಿ ಸೇರದ ಊರು. 1962ರಲ್ಲಿ ಎರಡೂ ಊರುಗಳಿಗೆ ಒಂದೇ ಪಾಲಿಕೆ ಬಂದಿದ್ದರೂ ನಮ್ಮನ್ನು ಯಾರಾದರೂ ಎಲ್ಲಿಯವರೆಂದು ಕೇಳಿದರೆ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಇಲ್ಲಿ ರಸ್ತೆಯ ಈ ಬದಿ ನಿಂತರೆ ಹುಬ್ಬಳ್ಳಿ, ಆ ಬದಿ ನಿಂತರೆ ಧಾರವಾಡ. 2018ರಿಂದ ಚಿಗರಿ ಬಸ್ಸುಗಳು ಇದೇ ದಾರಿಯಲ್ಲಿ ಓಡುತ್ತಿವೆ. ಗಂಗೂಬಾಯಿ ಹಾನಗಲ್ ಅವರು 1913ರ ಮಾರ್ಚ್ 5ರಂದು ಹುಟ್ಟಿದ್ದು ಈ ದಾರಿಯ ಆ ತುದಿಯಲ್ಲಿ, ಧಾರವಾಡದಲ್ಲಿ. 2009ರ ಜುಲೈ 21ರಂದು ಕಣ್ಣು ಮುಚ್ಚಿದ್ದು ಈ ತುದಿಯಲ್ಲಿ, ಹುಬ್ಬಳ್ಳಿಯಲ್ಲಿ. ನಡುವೆ ತೊಂಬತ್ತಾರು ವರ್ಷ. ಅವರ ಹಾಡನ್ನು ಜಗತ್ತು ಬಲ್ಲದು. ನಾವು ಇಲ್ಲಿ ನೆನೆಯಬೇಕೆಂದಿರುವುದು ಹಾಡಿನ ಹಿಂದಿದ್ದ ಹೆಣ್ಣುಮಗಳನ್ನು, ಮೂರು ಮಕ್ಕಳ ತಾಯಿಯನ್ನು.

ನಾವು ಚಿಕ್ಕವರಿದ್ದಾಗ ಮನೆಯಲ್ಲಿ ರೇಡಿಯೋ ಇಡೀ ದಿನ ಧಾರವಾಡ ಆಕಾಶವಾಣಿಯಲ್ಲೇ ನಿಂತಿರುತ್ತಿತ್ತು. ಒಂದು ರಾತ್ರಿ ಯಾವುದೋ ರಾಗ ನಿಧಾನಕ್ಕೆ ಏರುತ್ತಿತ್ತು. ಅಕ್ಕಿ ಆರಿಸುತ್ತ ಕುಳಿತಿದ್ದ ನಮ್ಮ ಖಾಲಾ ಮೊರ ಕೆಳಗಿಟ್ಟು "ಯೆ ಕೌನ್ಸೆ ಉಸ್ತಾದ್ ಗಾರೈಂ?" ಎಂದು ಕೇಳಿದರು. ಹಾಡು ಮುಗಿದ ಮೇಲೆ ಹೆಸರು ಹೇಳಿದರು: ಗಂಗೂಬಾಯಿ ಹಾನಗಲ್. ಖಾಲಾ ನಂಬಲಿಲ್ಲ. ಹೆಂಗಸಿಗೆ ಇಷ್ಟು ಗಂಡುದನಿ ಎಲ್ಲಿಂದ ಬಂತು ಎಂಬುದು ಅವರ ಅಚ್ಚರಿ. ಗಂಟಲಿನ ಬೇನೆ, ಅದರ ಚಿಕಿತ್ಸೆ ಇವುಗಳ ನಂತರ ಗಂಗೂಬಾಯಿಯವರ ತೆಳುವಾದ ಕಂಠ ಹಾಗೆ ಗಡುಸಾಯಿತೆಂದು ನಮಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಇನ್ನೊಬ್ಬರಾಗಿದ್ದರೆ ದನಿ ಹೋಯಿತೆಂದು ತಂಬೂರಿಗೆ ಗವಸು ಹಾಕಿ ಮೂಲೆಗಿಡುತ್ತಿದ್ದರೇನೋ. ಅವರು ಬಂದ ದನಿಯನ್ನೇ ತಮ್ಮದು ಮಾಡಿಕೊಂಡರು.

ಖಾಲಾ ಕೇಳಿದ ಪ್ರಶ್ನೆಯಲ್ಲಿ ಇನ್ನೊಂದು ಮಾತಿತ್ತು. ಅಷ್ಟು ಚೆನ್ನಾಗಿ ಹಾಡುವವರು ಉಸ್ತಾದರೇ ಇರಬೇಕು! ಈ ಮಾತನ್ನು ಗಂಗೂಬಾಯಿಯವರೇ ಎತ್ತಿ ಆಡಿದ್ದುಂಟು. ಗಂಡಸು ಹಾಡಿದರೆ, ಮುಸಲ್ಮಾನನಾದರೆ ಉಸ್ತಾದ್ ಆಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ. ಕೇಸರಬಾಯಿ, ಮೋಗೂಬಾಯಿಯಂಥವರು ಮಾತ್ರ ಕಡೆಯತನಕ ಬಾಯಿಗಳಾಗಿಯೇ ಉಳಿಯುತ್ತಾರೆ ಎಂಬ ಅರ್ಥದಲ್ಲಿ ಅವರು ಹೇಳುತ್ತಿದ್ದರು. ನಮ್ಮ ಸೀಮೆಯಲ್ಲಿ ಬಾಯಿ ಎಂದರೆ ಗೌರವ. ಮನೆಯ ಹಿರಿಯ ಹೆಣ್ಣುಮಗಳಿಗೂ ಅದು ಸಲ್ಲುತ್ತದೆ. ಆದರೆ ಹಾಡುವ ಹೆಣ್ಣಿನ ಹೆಸರಿಗೆ ಅಂಟಿದರೆ ಅದೇ ಪದ ಜನರ ಕಣ್ಣಿನಲ್ಲಿ ಬೇರೆ ಬಣ್ಣ ಪಡೆಯುತ್ತಿತ್ತು. ಧಾರವಾಡದ ಓಣಿಯಲ್ಲಿ ಹುಡುಗಿ ನಡೆದು ಹೋಗುವಾಗ 'ಗಾನೇವಾಲಿ' ಎಂದು ಹಂಗಿಸಿದವರಿದ್ದರು. ನೆರೆಯವರ ತೋಟದಲ್ಲಿ ಮಾವಿನಕಾಯಿ ಕದ್ದು ಸಿಕ್ಕಿಬಿದ್ದಾಗ ಆ ಯಜಮಾನನಿಗೆ ಕಳವಿಗಿಂತ ದೊಡ್ಡದಾಗಿ ಕಂಡದ್ದು ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟದ್ದು. ಮುಂದೆ ಅದೇ ಮನುಷ್ಯ ಅವರನ್ನು ಮನೆಗೆ ಕರೆದದ್ದನ್ನೂ ಅವರು ಹೇಳಿಕೊಂಡಿದ್ದಾರೆ. ಕಾಯಿ ಕದ್ದ ಹುಡುಗಿಯೂ ಅವಳೇ, ತೋಟವೂ ಅದೇ. ಬದಲಾದದ್ದು ಜನರ ಕಿವಿ.

ಇಂಥ ಹುಡುಗಿಗೆ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರ ಎದುರು, ಸ್ವಾಗತಗೀತೆ ಹಾಡುವ ಅವಕಾಶ ಸಿಕ್ಕಿತು. ಆಗ ಹನ್ನೊಂದು ವರ್ಷ. ಅಷ್ಟು ದೊಡ್ಡ ಸಭೆಯಲ್ಲಿ ನಿಲ್ಲಿಸುವ ಧೈರ್ಯ ಯಾರು ತುಂಬಿದರು ಎಂದು ಕೇಳಿದರೆ ಉತ್ತರ ತಾಯಿ ಅಂಬಾಬಾಯಿ. ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಹೆಸರಾಂತ ಗಾಯಕಿ. ಮಗಳಿಗೆ ಹಿಂದುಸ್ತಾನಿಯ ಒಲವು ಬಂದಾಗ ಆಕೆ ಬೈಯಲಿಲ್ಲ. ತನ್ನ ಪದ್ಧತಿಯ ನೆರಳು ಮಗಳ ಗಾಯನದ ಮೇಲೆ ಬೀಳಬಾರದೆಂದು ತಾನು ಹಾಡುವುದನ್ನೇ ಬಿಟ್ಟುಕೊಟ್ಟರು. ಮಗಳಿಗೆ ಒಳ್ಳೆಯ ಪಾಠ ಸಿಗಲೆಂದು 1928ರಲ್ಲಿ ಕುಟುಂಬ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂತು. ನಮ್ಮ ಊರ ಮುಂದಿನ ಹಾದಿಯಲ್ಲಿ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಹೋಗಿವೆ. ನೌಕರಿಗೆ, ವ್ಯಾಪಾರಕ್ಕೆ, ಗಂಡುಮಕ್ಕಳ ಕಾಲೇಜಿಗೆ. ಒಬ್ಬ ಮಗಳ ಹಾಡಿಗಾಗಿ ಊರು ಬಿಟ್ಟ ಮನೆಯನ್ನು ನಾವಂತೂ ಮತ್ತೊಂದು ಕಂಡಿಲ್ಲ. ನಾಲ್ಕು ವರ್ಷಕ್ಕೆ, 1932ರಲ್ಲಿ, ಅಂಬಾಬಾಯಿ ತೀರಿಕೊಂಡರು. ಮಗಳ ದೊಡ್ಡ ಹೆಸರನ್ನು ಅವರು ಕೇಳಲಿಲ್ಲ.

ಹದಿನಾರರ ವಯಸ್ಸಿಗೆ ವಕೀಲ ಗುರುರಾವ್ ಕೌಲಗಿಯವರ ಕೈಹಿಡಿದ ಗಂಗೂಬಾಯಿಯವರಿಗೆ ಕೃಷ್ಣಾ ಎಂಬ ಮಗಳು, ನಾರಾಯಣ ಮತ್ತು ಬಾಬುರಾವ್ ಎಂಬ ಇಬ್ಬರು ಗಂಡುಮಕ್ಕಳು. ಸಂಸಾರದ ಭಾರ ಬಿದ್ದದ್ದು ಅವರ ಕೊರಳಿನ ಮೇಲೆ. ಕಛೇರಿ ಮಾಡಬೇಕು, ರೇಡಿಯೋದಲ್ಲಿ ಹಾಡಬೇಕು, ಒಲೆ ಉರಿಯಬೇಕು. ಈ ನಡುವೆ ಕಲಿಕೆಯೂ ನಿಲ್ಲಲಿಲ್ಲ. ಕುಂದಗೋಳದ ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರ್, ಅವರ ಗುರು. ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗುವುದು, ಪಾಠ ಮುಗಿಸಿ ರಾತ್ರಿಯ ರೈಲಿಗೆ ಮರಳುವುದು. ಅಲ್ಲಿಯೇ ಗುರುಗಳ ಮನೆಯಲ್ಲಿದ್ದ ಹುಡುಗ ಭೀಮಸೇನ ಜೋಶಿ ಅವರನ್ನು ನಿಲ್ದಾಣದವರೆಗೆ ಬಿಟ್ಟು ಬರುತ್ತಿದ್ದರು. ಬಿಟ್ಟು ಬರಲು ಒಬ್ಬರು ಬೇಕಿತ್ತು, ಏಕೆಂದರೆ ಮಕ್ಕಳೊಂದಿಗಳಾದ ಹೆಂಗಸು ಕತ್ತಲಲ್ಲಿ ಒಬ್ಬಳೇ ವಿದ್ಯೆ ಕಲಿಯಲು ಹೋಗಿ ಬರುವುದನ್ನು ಅಂದಿನ ಊರುಗಳು ನೋಡಿರಲಿಲ್ಲ.

ಈ ವಿದ್ಯೆಯ ಬೇರು ಎಲ್ಲಿಯದು ಎಂಬುದೂ ನಾವು ನೆನೆಯಬೇಕಾದ ಸಂಗತಿ. ಉತ್ತರ ಪ್ರದೇಶದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆನಿಂತು, ಮೈಸೂರು ದರ್ಬಾರಿಗೆ ಹೋಗಿ ಬರುವ ದಾರಿಯಲ್ಲಿ ನಮ್ಮ ಸೀಮೆಯಲ್ಲಿ ಇಳಿಯುತ್ತಿದ್ದರು. ಅವರೇ ಸವಾಯಿ ಗಂಧರ್ವರಿಗೆ ಗುರು. ಧಾರವಾಡದಲ್ಲಿ ಅಂಬಾಬಾಯಿಯವರ ಹಾಡನ್ನೂ ಖಾನರು ಮೆಚ್ಚಿ ಕೇಳಿದವರು. ಮುಸಲ್ಮಾನ ಉಸ್ತಾದರಿಂದ ಬ್ರಾಹ್ಮಣ ಶಿಷ್ಯನಿಗೆ, ಅವನಿಂದ ಸಮಾಜ ಬದಿಗಿಟ್ಟ ಮನೆತನದ ಹೆಣ್ಣುಮಗಳಿಗೆ ಇಳಿದ ಆಸ್ತಿ ಅದು. ಇಂಥ ಆಸ್ತಿಗೆ ಉತಾರ ಇರುವುದಿಲ್ಲ, ಪಾಲುಪಟ್ಟಿ ಇರುವುದಿಲ್ಲ. ಹಾಗಾಗಿಯೇ ಅದು ಹೆಣ್ಣಿಗೆ ಸಿಕ್ಕಿತೇನೋ ಎಂದು ನಾವು ಕೆಲವೊಮ್ಮೆ ಅಂದುಕೊಳ್ಳುತ್ತೇವೆ.

ಇನ್ನೊಂದು ವಿಷಯ. ನಾವು ಶಾಲೆಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಹೆಸರು ಕೇಳಿದರು, ಬರೆದೆವು. ತಾಯಿಯ ಹೆಸರನ್ನು ಯಾರೂ ಕೇಳಲಿಲ್ಲ. ನಮ್ಮ ಓಣಿಯ ಎಷ್ಟೋ ಮಕ್ಕಳಿಗೆ ತಮ್ಮ ಅಮ್ಮನನ್ನು ಬೇರೆಯವರು ಹೆಸರು ಹಿಡಿದು ಕರೆದದ್ದು ಕೇಳಿದ ನೆನಪೇ ಇಲ್ಲ. ಅವಳು ಇಂಥವರ ಬೀವಿ, ಇಂಥವರ ಅಮ್ಮಾ. ಗಂಗೂಬಾಯಿಯವರ ಮಕ್ಕಳೋ ಕೃಷ್ಣಾ ಹಾನಗಲ್, ನಾರಾಯಣ ಹಾನಗಲ್, ಬಾಬುರಾವ್ ಹಾನಗಲ್. ತಾಯಿಯ ಹೆಸರಿನ ಜೊತೆಗಿದ್ದ ಊರನ್ನೇ ಮಕ್ಕಳು ಹೊತ್ತರು. ಸಮಾಜ ಯಾವುದನ್ನು ಕುಂದು ಎಂದು ಎಣಿಸಿತ್ತೋ ಅದು ಮೂವರು ಮಕ್ಕಳಿಗೆ ವಿಳಾಸವಾಯಿತು. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಅವರ ಮನೆ 'ಗಂಗಾಲಹರಿ'. ಗಾನೇವಾಲಿ ಎನಿಸಿಕೊಂಡವಳ ಹೆಸರು ಮನೆಯ ಬಾಗಿಲ ಮೇಲೇ ಬಂತು.

ಗೌರವಗಳು ಬಂದವು. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ. ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಎಲ್ಲ ಕಡೆಯೂ ಅವರು ಗಂಗೂಬಾಯಿಯೇ. ಪಂಡಿತೆ, ವಿದುಷಿ ಎಂದು ಯಾರಾದರೂ ಸೇರಿಸಿದರೂ ಜನರ ನಾಲಗೆಯಲ್ಲಿ ನಿಂತದ್ದು ಬಾಯಿ. ಅವರು ಆ ಪದವನ್ನು ಕಳಚಿ ಎಸೆಯಲಿಲ್ಲ. ತಾವು ಹಾಡುತ್ತ ಹಾಡುತ್ತ ಅದರ ಮೇಲಿನ ಕಲೆಯನ್ನು ತೊಳೆದರು.

ಆದರೆ ನಮ್ಮ ಮನೆಗಳ ಮಾತೇನು? ನಮ್ಮಲ್ಲಿ ಹೆಂಗಸರು ಹಾಡುವುದಿಲ್ಲ ಎಂದಲ್ಲ. ಮದುವೆಯ ಮನೆಯಲ್ಲಿ ಢೋಲಕ್ ಹಿಡಿದು ರಾತ್ರಿ ಕಳೆಯುವವರೆಗೆ ಹಾಡುತ್ತಾರೆ. ರೇಡಿಯೋ ಕೇಳಿ ಬೆರಗಾದ ನಮ್ಮ ಖಾಲಾ ಅಂಥ ಹಾಡುಗಾರ್ತಿ. ಒಮ್ಮೆ ಕೇಳಿದ ಧಾಟಿಯನ್ನು ಮರೆಯುತ್ತಿರಲಿಲ್ಲ. ಆ ಹಾಡು ಒಳಮನೆಯ ಪರದೆ ದಾಟಲಿಲ್ಲ. ಯಾರೂ ಬೇಡವೆಂದು ಗದರಿಸಲಿಲ್ಲ. ದಾಟಿಸಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ. ಖಾಲಾ ಹೋದ ಮೇಲೆ ಅವರ ಹಾಡು ಎಲ್ಲಿಯೂ ಇಲ್ಲ, ಒಂದು ಕ್ಯಾಸೆಟ್ಟಿನಲ್ಲಿಯೂ ಇಲ್ಲ. ದಾರಿ ತೆರೆದ ಹೆಣ್ಣುಮಗಳನ್ನು ನಾವು ಹೊಗಳುವಾಗ ಅವಳ ಛಲವನ್ನು ಹೊಗಳುತ್ತೇವೆ. ಛಲ ನಮ್ಮ ಖಾಲಾಗೂ ಇದ್ದಿರಬಹುದು. ಅಂಬಾಬಾಯಿ ಇರಲಿಲ್ಲ. ಮಗಳ ಹಾಡಿಗಾಗಿ ಊರು ಬದಲಿಸುವ ಮನೆ ಇರಲಿಲ್ಲ.

ಮತ್ತು ಕೃಷ್ಣಾ. ದಶಕಗಳ ಕಾಲ ಗಂಗೂಬಾಯಿಯವರ ಕಛೇರಿಗಳಲ್ಲಿ ಜೊತೆಗೆ ಕುಳಿತು ಸಹಗಾಯನ ಮಾಡಿದವರು ಮಗಳು ಕೃಷ್ಣಾ. ತಾಯಿಯ ಗಡುಸು ದನಿ ಕೆಳಗೆ ನಿಂತರೆ ಮಗಳ ದನಿ ಮೇಲಿನ ಸ್ವರಗಳನ್ನು ಹಿಡಿಯುತ್ತಿತ್ತು. ತನ್ನದೇ ಆದ ದೊಡ್ಡ ಹೆಸರನ್ನು ಕಟ್ಟಿಕೊಳ್ಳಬಹುದಾದ ಕಂಠ ಅದು ಎಂದು ಬಲ್ಲವರು ಹೇಳುತ್ತಾರೆ. ಒಬ್ಬ ತಾಯಿ ಹಾಡು ನಿಲ್ಲಿಸಿ ಮಗಳನ್ನು ಮುಂದೆ ಕಳಿಸಿದರು. ಆ ಮಗಳು ಮುಂದೆ ನಡೆಯಲು ಅವಳ ಮಗಳು ಬದಿಯಲ್ಲಿ ಉಳಿದರು. ಒಬ್ಬರ ಹೆಸರು ಬೆಳಗಿದ ಕಡೆ ಇಬ್ಬರು ಹೆಣ್ಣುಮಕ್ಕಳ ಎಣ್ಣೆ ಉರಿದಿದೆ. ಗಂಗೂಬಾಯಿಯವರನ್ನು ನೆನೆಯುವಾಗ ಈ ಇಬ್ಬರನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

2004ರಲ್ಲಿ ಕೃಷ್ಣಾ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ತಾಯಿಗೆ ತೊಂಬತ್ತು ದಾಟಿತ್ತು. ಸ್ವತಃ ಕ್ಯಾನ್ಸರನ್ನು ಎದುರಿಸಿ ಎದ್ದಿದ್ದ ಆ ತಾಯಿ 2006ರಲ್ಲಿ ಮತ್ತೊಮ್ಮೆ ವೇದಿಕೆಯ ಮೇಲೆ ಕುಳಿತು ಹಾಡಿದರು. ಮೇಲಿನ ಸ್ವರ ಹಿಡಿಯಲು ಪಕ್ಕದಲ್ಲಿ ಕೃಷ್ಣಾ ಇರಲಿಲ್ಲ. ಮೂರು ವರ್ಷದ ನಂತರ ಹೋಗುವಾಗ ತಮ್ಮ ಕಣ್ಣುಗಳನ್ನು ದಾನವಾಗಿ ಬಿಟ್ಟುಹೋದರು.